ಅವ್ವನ ಹೂಂ

ನಮ್ಮೂರಿನಲ್ಲಿ ಫೋನಿನಲ್ಲೋ ಮೈಕಿನಲ್ಲೋ ಸದ್ದನ್ನು ಹಿಡಿದರೆ ಅದು ಹಿಡಿದವರ ಕಡೆಗೇ ಉಳಿಯುತ್ತದೆ. ಹೀಗಾಗಿ ನಮ್ಮಲ್ಲಿ ಮದುವೆಯ ವಿಡಿಯೋಗಳೆಲ್ಲ ಮೂಕ. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ನೆಂಟರಿಗೆ ಮೊದಲು ಫೋನನ್ನು ಅರಿವೆಯಲ್ಲಿ ಸುತ್ತಿಡಲು ಹೇಳಿ, ಆಮೇಲೆ ಕುಡಿಯಲು ನೀರು ಕೊಡುತ್ತಾರೆ. ಒಮ್ಮೆ ಗುಡಿ ನೋಡಲು ಬಂದ ಯಾರೋ ಒಬ್ಬರು ಗಂಟೆಯ ಸದ್ದನ್ನು ಫೋನಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಅಂದಿನಿಂದ ಪೂಜಾರಪ್ಪ ಗಂಟೆಯ ಹಗ್ಗ ಎಳೆಯುತ್ತ ತಾನೇ ಬಾಯಿಂದ ‘ಢಣ್’ ಅನ್ನುತ್ತಾನೆ. ಚೆನ್ನಾಗಿಯೇ ಅನ್ನುತ್ತಾನೆ, ದೇವರು ಇದುವರೆಗೆ ತಕರಾರು ತೆಗೆದಿಲ್ಲ. ನೆಗಡಿಯಾದ ದಿನ ಮಾತ್ರ ಮಂಗಳಾರತಿ ಸ್ವಲ್ಪ ಮಂಕಾಗಿರುತ್ತದೆ.

ಇಂಥ ಊರಲ್ಲಿ ಹುಟ್ಟಿದ ನನಗೆ ಹಾಡು ಕಟ್ಟುವ ಹುಚ್ಚು ಹಿಡಿದದ್ದು ಝೆರಾಕ್ಸ್ ಅಂಗಡಿಯಲ್ಲಿ. ನಾನು ಅಲ್ಲಿ ಕೆಲಸಕ್ಕಿದ್ದೆ. ನಮ್ಮ ಯಜಮಾನರು ಬೇರೆ ಊರಿನಲ್ಲಿ ಮುಚ್ಚಿದ ಶಾಲೆಯೊಂದರ ಹಳೆಯ ಕಂಪ್ಯೂಟರುಗಳನ್ನು ತಂದು ಹಾಕಿದ್ದರು. ಒಂದರಲ್ಲಿ ಟ್ರ್ಯಾಕರ್ ಎಂಬ ಸಾಫ್ಟ್‌ವೇರ್ ಇತ್ತು. ತೆರೆದರೆ ಪರದೆಯ ತುಂಬ ಸೊನ್ನೆ, ಅಡ್ಡಗೆರೆ, ಅಂಕಿ. ಯಾರದೋ ಲೆಕ್ಕ ಕೆಟ್ಟು ನಿಂತಿದೆ ಎಂದುಕೊಂಡು ಒಂದು ಕೀಲಿ ಒತ್ತಿದೆ. ಅದು ಹಾಡತೊಡಗಿತು. ಒಳಗೆ ಯಾರೋ ಗುರುತಿಲ್ಲದವರು ಕಟ್ಟಿಟ್ಟ ಹಾಡಿತ್ತು, ಅದರಲ್ಲಿ ಒಂದು ಡೋಲು ಬಾರಿಸುತ್ತಿತ್ತು. ಯಾವ ಊರಿನ ಡೋಲು ಇದರಿಂದಾಗಿ ಮೂಕವಾಗಿ ಕೂತಿದೆಯೋ ಎಂದು ಮೊದಲ ದಿನವೆಲ್ಲ ಮರುಗಿದೆ. ಬೇರೆ ಊರುಗಳಲ್ಲಿ ಹಾಗೇನೂ ಆಗುವುದಿಲ್ಲವಂತೆ ಎಂದು ಯಜಮಾನರು ಹೇಳಿದರು, ಹೇಳಿ ಆ ಕಂಪ್ಯೂಟರನ್ನು ಮನೆಗೆ ಒಯ್ಯಲು ಬಿಟ್ಟರು. ಅದನ್ನು ಕೊಳ್ಳುವವರು ಯಾರೂ ಇರಲಿಲ್ಲ.

ಕಲಿಯುವುದು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಪರದೆಯ ಮೇಲೆ ಪಕ್ಕಪಕ್ಕಕ್ಕೆ ನಾಲ್ಕು ಓಣಿಗಳು. ಪ್ರತಿ ಓಣಿಯೂ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಇಳಿಯುತ್ತದೆ. ಯಾವ ಸಾಲಿನಲ್ಲಿ ಯಾವ ಸದ್ದು, ಯಾವ ಸ್ವರ ಎಂದು ಬರೆದುಬಿಟ್ಟರೆ, ಒಂದು ಬೆಳಕಿನ ಗೆರೆ ಮೇಲಿನಿಂದ ಇಳಿಯುತ್ತ ಸಿಕ್ಕಿದ್ದನ್ನೆಲ್ಲ ನುಡಿಸಿಕೊಂಡು ಹೋಗುತ್ತದೆ. ಖಾಲಿ ಸಾಲು ಬಂದರೆ ಸುಮ್ಮನೆ ದಾಟುತ್ತದೆ. ಒಂದು ಓಣಿಯಲ್ಲಿ ಒಂದು ಹೊತ್ತಿಗೆ ಒಬ್ಬರಿಗಷ್ಟೇ ಜಾಗ. ಹೊಸಬರು ಬಂದರೆ ಹಳಬರ ಬಾಯಿ ಬಂದ್. ನಮ್ಮ ಓಣಿಯ ನಳದ ಹತ್ತಿರ ಈ ಪದ್ಧತಿ ಬಂದರೆ ಎಷ್ಟು ಚೆಂದ ಎಂದು ಅನೇಕ ಸಲ ಅನ್ನಿಸಿದೆ.

ಬೇಕಾದದ್ದು ಸದ್ದುಗಳು. ಅವಕ್ಕೆ ಸ್ಯಾಂಪಲ್ ಅನ್ನುತ್ತಾರೆ. ಹೊರಗಿನವರು ಕಿವಿಗೆ ಬಿದ್ದದ್ದನ್ನೆಲ್ಲ ಹಿಡಿದು ತುಂಬಿಕೊಳ್ಳಬಹುದು. ನಾವು ಕೇಳಿ ತರಬೇಕು. ಹೆಪ್ಪಿಗೆ ಮಜ್ಜಿಗೆ ಕೇಳುವ ಹಾಗೆ ಬಟ್ಟಲು ಹಿಡಿದು ಹೋಗುವುದಿಲ್ಲ, ಮೈಕು ಹಿಡಿದು ಹೋಗುತ್ತೇವೆ, ಅಷ್ಟೇ ವ್ಯತ್ಯಾಸ. ದೀಪ ಹಚ್ಚುವುದರೊಳಗೆ ತಿರುಗಿ ಕೊಡಬೇಕು. ಕೊಡುವ ಕ್ರಮ ಸುಲಭ. ಸದ್ದಿನ ಒಡೆಯರ ಹತ್ತಿರ ಹೋಗಿ ಅದನ್ನು ಒಮ್ಮೆ ನುಡಿಸಿ ಅಲ್ಲೇ ಅಳಿಸಿಬಿಟ್ಟರೆ ಸದ್ದು ತನ್ನ ಮನೆಗೆ ಸೇರುತ್ತದೆ. ನುಡಿಸದೆ ಅಳಿಸಿದರೆ ಮಾತ್ರ ಅದು ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ.

ಮೊದಲು ನಮ್ಮ ಮನೆಯ ಹಿತ್ತಾಳೆ ಚರಿಗೆಯನ್ನು ಬೆರಳಿನಿಂದ ತಟ್ಟಿ ಹಿಡಿದೆ. ಒಂದೇ ಸದ್ದು ಹಿಡಿದರೂ ಸಾಕು, ಕಂಪ್ಯೂಟರಿನ ಕೀಲಿಗಳ ಮೇಲೆ ಅದು ಎಲ್ಲ ಸ್ವರಗಳಾಗಿ ಹರಡಿಕೊಳ್ಳುತ್ತದೆ. ಬಲಕ್ಕೆ ಹೋದಷ್ಟೂ ಚೂಪಾಗಿ ಬೇಗ ಮುಗಿಯುತ್ತದೆ, ಎಡಕ್ಕೆ ಬಂದಷ್ಟೂ ದಪ್ಪಗಾಗಿ ಎಳೆಯುತ್ತದೆ. ಆಮೇಲೆ ಪಕ್ಕದ ಮನೆಯ ಮಾಬೂಬಿಯ ಹೊಲಿಗೆ ಮಷೀನಿನ ಸದ್ದನ್ನು ಕೇಳಿ ತಂದೆ. ಮಾಬೂಬಿ ನಗುತ್ತಲೇ ಕೊಟ್ಟಳು. ಆದರೆ ಆ ಮಧ್ಯಾಹ್ನವಿಡೀ ಅವಳು ಸದ್ದಿಲ್ಲದೆ ಹೊಲಿದದ್ದರಿಂದ, ಒಳಗೆ ಮಲಗಿದ್ದ ಅತ್ತೆ, ಸೊಸೆ ಕೈಕಟ್ಟಿ ಕೂತಿದ್ದಾಳೆಂದು ತಿಳಿದು ಬೈದದ್ದೇ ಬೈದದ್ದು. ಹೊಲಿದ ಬಟ್ಟೆ ತೋರಿಸಿದರೂ ನಂಬಲಿಲ್ಲವಂತೆ. ನನ್ನ ಮೊದಲ ಹಾಡಿನಲ್ಲಿ ನಾಲ್ಕೂ ಓಣಿಗಳನ್ನು ಒಂದು ಸಾಲು ಬಿಡದಂತೆ ತುಂಬಿದ್ದೆ. ಅದನ್ನು ಕೇಳಿ ಅವ್ವ ಅಡುಗೆಮನೆಯಿಂದ ಬಂದು, ಯಾವ ಪಾತ್ರೆ ಬಿದ್ದವು ಎಂದು ವಿಚಾರಿಸಿದಳು. ಖಾಲಿ ಬಿಡುವುದನ್ನು ಕಲಿಯಬೇಕು ಎಂದು ಅವತ್ತು ಗೊತ್ತಾಯಿತು.

ಇಲ್ಲಿ ಅವ್ವನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವಳ ಹೆಸರು ಗುರುಬಸವ್ವ, ಆದರೆ ಊರವರಿಗೆ ಹೆಸರಿಗಿಂತ ಅವಳ ಹೂಂ ಹೆಚ್ಚು ಪರಿಚಯ. ಮದುವೆ ಗೊತ್ತು ಮಾಡಿದ್ದೇವೆ ಅಂದಾಗ ಹೂಂ. ಹಾಸಿಗೆ ಹಿಡಿದ ಅತ್ತೆಯನ್ನು ನೀನೇ ನೋಡಿಕೋ ಅಂದಾಗ ಹೂಂ. ಅಪ್ಪ ತೀರಿಕೊಂಡ ಮೇಲೆ ತವರಿನ ಓಣಿಗೇ ಬಂದು ಇರು ಎಂದು ನನ್ನ ಸೋದರಮಾವ ಚಂದ್ರಾಮಪ್ಪ ಹೇಳಿದಾಗಲೂ ಹೂಂ. ಮಾವನ ಮನೆಯಲ್ಲಿ ಹೋಳಿಗೆ ಎಂದರೆ ಹೂರಣ ಅರೆಯಲು ಅವ್ವ, ಹಪ್ಪಳ ಎಂದರೆ ಲಟ್ಟಿಸಲು ಅವ್ವ. ಬರ್ತೀಯೇನು ಎಂದು ಹೇಳಿಕೆ ಬರುತ್ತಿತ್ತು, ಕೇಳಿ ಮುಗಿಯುವುದರೊಳಗೆ ಹೂಂ ಹೊರಬಿದ್ದಿರುತ್ತಿತ್ತು. ನಾನೇನು ಕಡಿಮೆ ಇರಲಿಲ್ಲ. ಚಹಾ, ಸ್ನಾನಕ್ಕೆ ಬಿಸಿನೀರು, ಗುಂಡಿ ಕಿತ್ತ ಜಂಪರು, ಎಲ್ಲಕ್ಕೂ ಒಂದೊಂದು ಹೂಂ ಕಿತ್ತುಕೊಂಡೇ ದೊಡ್ಡವಳಾದೆ.

ಊರ ಕಟ್ಟಳೆಯೂ ಅವ್ವನಂಥವರಿಗೆ ಅನುಕೂಲವಾಗಿಲ್ಲ. ನಮ್ಮಲ್ಲಿ ಮಾತು ಕೊಡುವುದೆಂದರೆ ಹೂಂ ಅನ್ನುವುದು. ತಲೆ ಆಡಿಸಿದರೆ ನಡೆಯುವುದಿಲ್ಲ, ತಲೆ ನಿದ್ದೆಗೂ ಆಡುತ್ತದೆ. ಆಗಲಿ, ನೋಡೋಣ, ಹೌದ್ಹೌದು, ಇವೆಲ್ಲ ಬರೀ ಮಾತು. ದೈವದ ಮುಂದೆ, ಅಂದರೆ ಊರ ಹಿರಿಯರು ಕೂಡಿದ ಕಡೆ, ಬಾಯಿಂದ ಹೂಂ ಬಂದರೆ ಅಲ್ಲಿಗೆ ಮುಗಿಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡವರು ಇಲ್ಲ.

ಅವ್ವ ರೊಟ್ಟಿ ಬಡಿಯುವ ಸದ್ದಿನ ಮೇಲೆ ನನಗೆ ಬಹಳ ದಿನದಿಂದ ಕಣ್ಣಿತ್ತು. ಕೇಳಿದೆ, ಹೂಂ ಅಂದಳು. ಮೈಕನ್ನು ಕಲ್ಲಿನ ಪಕ್ಕ ಇಟ್ಟು ಹಿಡಿಯತೊಡಗಿದೆ. ಅವ್ವನ ಅಂಗೈ ಹಿಟ್ಟಿನ ಮೇಲೆ ಆಡುತ್ತಿತ್ತು, ರೊಟ್ಟಿ ತಿರುಗುತ್ತ ಅಗಲವಾಗುತ್ತಿತ್ತು. ಹಿಡಿಯುತ್ತಿದ್ದೇನೆ ಎಂಬುದನ್ನೇ ಮರೆತು, ಇದು ಮುಗಿದ ಮೇಲೆ ಚಹಾ ಇಡುತ್ತೀಯಾ ಎಂದು ಕೇಳಿದೆ. ಕೈ ನಿಲ್ಲಿಸದೆ ಅವ್ವ ಹೂಂ ಅಂದಳು. ನನ್ನ ಮಾತು ನನ್ನ ಕಡೆಗೇ ಉಳಿಯಿತು, ಹಿಡಿದವಳು ನಾನೇ ಅಲ್ಲವೇ. ರೊಟ್ಟಿಯ ಸದ್ದನ್ನು ಮಾತ್ರ ಕತ್ತರಿಸಿ ಬೇರೆ ಇಟ್ಟುಕೊಂಡು, ಉಳಿದ ತುಂಡನ್ನು ಆಮೇಲೆ ನೋಡಿದರಾಯಿತು ಎಂದು ಬದಿಗೆ ಸರಿಸಿದೆ. ಸಂಜೆ ರೊಟ್ಟಿಯ ಸದ್ದನ್ನು ಅವ್ವನಿಗೆ ಮರಳಿಸಿದೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಮಾರನೆಯ ದಿನ ಮಾವನ ಮನೆಯ ಆಳು ಬಂದು, ಶಾವಿಗೆ ಮಾಡುವುದಿದೆ, ಬರಬೇಕಂತೆ ಎಂದ. ಅವ್ವ ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೊಮ್ಮೆ ತೆರೆದಳು. ಆಳು ಹೊಸ್ತಿಲಲ್ಲಿ ನಿಂತು ಕಾದ. ಹೂಂ ತರದೆ ಹೋದರೆ ಅವನ ಕೆಲಸ ಮುಗಿದಂತಲ್ಲ. ಕಾಲು ಸೋತ ಮೇಲೆ ಹೋಗಿ, ಕೇಳಿದೆ, ಅವರು ಏನೂ ಅನ್ನಲಿಲ್ಲ ಎಂದು ವರದಿ ಒಪ್ಪಿಸಿದ. ಗುರುಬಸವ್ವ ಏನೂ ಅನ್ನಲಿಲ್ಲ ಎಂಬುದರ ಅರ್ಥವೇನೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಶಾವಿಗೆ ಮುಂದಕ್ಕೆ ಹೋಯಿತು.

ನಾನು ಓಡಿಹೋಗಿ ಬದಿಗೆ ಸರಿಸಿದ ತುಂಡನ್ನು ತೆರೆದೆ. ಹೂಂ ಅಲ್ಲಿ ಸುರಕ್ಷಿತವಾಗಿ ಕೂತಿತ್ತು. ಈಗಲೇ ಕೊಡುತ್ತೇನೆ ಎಂದು ಅವ್ವನ ಹತ್ತಿರ ಹೋದರೆ ಅವಳು ಗೋಡೆಗೆ ಒರಗಿ ಕೂತು ಯೋಚಿಸುತ್ತಿದ್ದಳು. “ಇರಲಿ ಬಿಡು, ನಾಳಿ ಕೊಡೂವಂತಿ” ಅಂದಳು. ನಾಳೆ ಕೇಳಿದರೆ ಮತ್ತೆ ನಾಳೆ. ಆಮೇಲೆ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವ್ವ ಮಧ್ಯಾಹ್ನ ಮಲಗಲು ಶುರು ಮಾಡಿದಳು. ಎದ್ದಾಗ ಅವಳ ಕಣ್ಣು ಊದಿಕೊಂಡಿರುತ್ತಿದ್ದವು, ಅತ್ತು ಅಲ್ಲ, ನಿದ್ದೆ ಮಾಡಿ. ಹೇಳಿಕೆಗಳು ಬಾಗಿಲಿಗೆ ಬಂದು ನಿಂತು ತಿರುಗಿ ಹೋದವು. ಮನೆಯಲ್ಲಿ ಚಹಾ ನಾನೇ ಮಾಡುವಂತಾಯಿತು. ಅದರ ರುಚಿಯ ಬಗ್ಗೆ ಅವ್ವ ಏನೂ ಹೇಳುತ್ತಿರಲಿಲ್ಲ, ಕುಡಿಯುವಾಗ ಮುಖ ಮಾತ್ರ ಬೇರೆ ಕಡೆ ತಿರುಗಿಸುತ್ತಿದ್ದಳು.

ಹೂಂ ಹೇಗೂ ನನ್ನಲ್ಲೇ ಇತ್ತು. ಇದ್ದದ್ದನ್ನು ಒಂದು ಸಲ ಕೀಲಿಗಳ ಮೇಲೆ ಹಾಕಿ ನೋಡಿದರೆ ತಪ್ಪೇನು ಎಂದು ಹಾಕಿದೆ. ಬಲಗಡೆಯ ಕೀಲಿ ಒತ್ತಿದರೆ ಎಳೆಯ ಹುಡುಗಿಯೊಬ್ಬಳು ಹೂಂ ಅಂದಳು. ಎಡಗಡೆ ಒತ್ತಿದರೆ ಹಣ್ಣುಹಣ್ಣು ಮುದುಕಿ. ನಡುವೆ ಎಲ್ಲೋ ನಮ್ಮ ಅವ್ವ. ಸದ್ದಿನ ನಡುವಿನ ಒಂದು ಚೂರಿಗೆ ಗುರುತು ಹಾಕಿ ಅದೇ ಸುತ್ತಿಕೊಳ್ಳುವಂತೆ ಮಾಡಿದರೆ, ಹೂಂ ಮುಗಿಯದೆ ಬೇಕಾದಷ್ಟು ಹೊತ್ತು ಎಳೆಯುತ್ತಿತ್ತು. ಒಂದು ಓಣಿಗೆ ಚರಿಗೆ ಕೊಟ್ಟು ಉಳಿದ ಮೂರಕ್ಕೂ ಹೂಂ ತುಂಬಿದೆ. ಖಾಲಿ ಎಲ್ಲಿ ಬಿಡಬೇಕೆಂದು ಈಗ ತಿಳಿದಿತ್ತು. ನನ್ನ ಬಾಯಿಂದಲೇ ಹೇಳಬಾರದು, ಆದರೆ ಹೇಳಲು ಬೇರೆ ಯಾರೂ ಇಲ್ಲ: ಹಾಡು ಚೆನ್ನಾಗಿತ್ತು. ಅದು ಶುರುವಾದರೆ ಮಾಬೂಬಿ ಮಷೀನು ನಿಲ್ಲಿಸಿ ಕೇಳುತ್ತಿದ್ದಳು. ನನ್ನ ಇಡೀ ಜೀವನದಲ್ಲಿ ನಾನು ಮಾಡಿದ ಯಾವ ಕೆಲಸವೂ ನನಗೆ ಅಷ್ಟು ಹಿಡಿಸಿರಲಿಲ್ಲ. ಹೇಗಿದೆ ಎಂದು ಅವ್ವನನ್ನು ಕೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು, “ಅದರಾಗೂ ನಾನ ಅನ್ನಾಕತ್ತೀನಲ್ಲ” ಅಂದಳು. ನಾನು ಅದನ್ನು ಹೊಗಳಿಕೆ ಎಂದು ತಿಳಿದೆ.

ಹೀಗಿರುವಾಗ ಚಂದ್ರಾಮಪ್ಪ ಮಾವ ಒಂದು ದಿನ ಹೊತ್ತೇರಿದ ಮೇಲೆ ಸಕ್ಕರೆ, ಖಣ, ತೆಂಗಿನಕಾಯಿ ಸಮೇತ ಬಂದ. ಮಾವನದು ಟೈರಿನ ಅಂಗಡಿ. ಅವನ ಮಗ ಕಲ್ಮೇಶನಿಗೆ ನನ್ನನ್ನು ತಂದುಕೊಳ್ಳಬೇಕು ಎಂಬುದು ಆ ಮನೆಯಲ್ಲಿ ನಾನು ತೊಟ್ಟಿಲಲ್ಲಿದ್ದಾಗಲೇ ಆಡಿದ ಮಾತು. ಕಲ್ಮೇಶನಲ್ಲಿ ಎತ್ತಿ ಆಡುವಂಥ ದೋಷವೇನೂ ಇರಲಿಲ್ಲ. ಚೆನ್ನಾಗಿ ಉಣ್ಣುತ್ತಿದ್ದ, ಕರೆದರೆ ಬರುತ್ತಿದ್ದ. ಅವನಿಗೆ ಚಡ್ಡಿ ಇಲ್ಲದ ಕಾಲದಿಂದ ನಾನು ಅವನನ್ನು ಬಲ್ಲೆ, ಆದ್ದರಿಂದ ಅವನನ್ನು ಗಂಡನೆಂದು ನೆನೆದರೆ ನಗು ಬರುತ್ತಿತ್ತು. ಆ ಮನೆ ಸೇರಿದರೆ ಮಾತ್ರ ನಗು ಬರುತ್ತಿರಲಿಲ್ಲ. ಹೂರಣವೂ ಹಪ್ಪಳವೂ ಅವ್ವನ ಕೈಯಿಂದ ನನ್ನ ಕೈಗೆ ಬರುತ್ತಿದ್ದವು, ಕಂಪ್ಯೂಟರಿಗೆ ಅಲ್ಲಿ ಜಾಗವಿರಲಿಲ್ಲ, ಮೂಲೆಗೆಲ್ಲ ಟೈರು. ಅವ್ವ ಅಣ್ಣನಿಗೆ ಹೂಂ ಅನ್ನದ ದಿನವನ್ನು ನಾನು ಕಂಡಿರಲಿಲ್ಲ. ಅವಳ ಹೂಂ ನನ್ನ ಕಂಪ್ಯೂಟರಿನಲ್ಲಿದೆ ಎಂಬುದೊಂದೇ ಆ ಹೊತ್ತಿಗೆ ನನಗಿದ್ದ ಧೈರ್ಯ.

ಮಾವ ಕೇಳಿದ. ಅವ್ವ “ಉಹೂಂ” ಅಂದಳು. ನಾನು ಅದನ್ನು ಹಿಡಿದಿರಲಿಲ್ಲ, ಅದು ಅವಳಲ್ಲೇ ಇತ್ತು, ಬಳಸಿರಲಿಲ್ಲ ಅಷ್ಟೇ. ಮಾವ ಮೊದಲು ನಕ್ಕ, ಆಮೇಲೆ ನನ್ನ ಕಡೆ ನೋಡಿದ, ಆಮೇಲೆ ಮೂಲೆಯಲ್ಲಿದ್ದ ಕಂಪ್ಯೂಟರಿನ ಕಡೆ ನೋಡಿದ. ನಮ್ಮ ಓಣಿಯಲ್ಲಿ ಗುಟ್ಟು ಉಳಿಯುವುದಿಲ್ಲ. ತಂದದ್ದನ್ನೆಲ್ಲ ಹಾಗೇ ಗಂಟು ಕಟ್ಟಿಕೊಂಡು ಎದ್ದು, ಈ ಮಾತನ್ನು ದೈವದವರೇ ಬಗೆಹರಿಸಲಿ ಎಂದು ಹೋದ.

ದೈವದವರು ಚಾವಡಿಯಲ್ಲಿ ಕೂಡಿದರು. ಹಿರಿಯರಲ್ಲಿ ಹಿರಿಯನಾದ ಸಿದ್ರಾಮಜ್ಜ ಎರಡೂ ಕಡೆಯದನ್ನು ಕೇಳಿಕೊಂಡು, ಎಲೆಯಡಿಕೆ ಮುಗಿಯುವವರೆಗೆ ಯೋಚನೆ ಮಾಡಿ ಹೇಳಿದ: “ಹೂಂ ಅನ್ನಾಕ ಬರೂ ಬಾಯಾಗಿನ ಉಹೂಂ ಅಷ್ಟ ಉಹೂಂ. ಬಾಗಲಾನ ಇಲ್ಲದ ಮನೀಗೆ ಕೀಲಿ ಹಾಕೇನಿ ಅಂದ್ರ ಯಾರು ಒಪ್ತಾರ?”

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಎಷ್ಟು ಹುಡುಕಿದರೂ ಆ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಆಗ ಮಾವ ಎದ್ದು, ಹಾಗಾದರೆ ಕಂಪ್ಯೂಟರನ್ನೇ ಚಾವಡಿಗೆ ತರಿಸೋಣ, ಕೇಳುವುದನ್ನು ಕೇಳಿ ಕೀಲಿ ಒತ್ತೋಣ ಎಂದ. ಹೂಂ ತಂಗಿಯದೇ ತಾನೇ, ಬೆರಳು ಯಾರದಾದರೇನು ಎಂಬುದು ಅವನ ವಾದ. ಹಿರಿಯರಲ್ಲಿ ಕೆಲವರಿಗೆ ಇದು ಸರಿ ಎನ್ನಿಸಿತು. ತಾವು ಮನೆಯಲ್ಲಿ ಪಡೆಯುವ ಹೂಂಗಳನ್ನು ನೆನೆದುಕೊಂಡಿರಬೇಕು. ಬರುವ ಸೋಮವಾರ ಗುರುಬಸವ್ವ ತನ್ನ ಹೂಂ ಬಾಯಲ್ಲಿಟ್ಟುಕೊಂಡು ಬರಬೇಕು, ಇಲ್ಲವೇ ಕಂಪ್ಯೂಟರು ಬರಬೇಕು ಎಂದು ತೀರ್ಮಾನವಾಯಿತು.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ನುಡಿಸದೆ ಅಳಿಸಿಬಿಟ್ಟರೆ ಹೂಂ ಯಾರಿಗೂ ಸಿಗುವುದಿಲ್ಲ, ಮಾವನಿಗೂ ಇಲ್ಲ, ದೈವಕ್ಕೂ ಇಲ್ಲ. ನಾನು ಉಳಿದುಕೊಳ್ಳುತ್ತೇನೆ. ಬೆರಳು ಆ ಕೀಲಿಯ ಮೇಲೆ ಹೋಗಿತ್ತು, ಸುಳ್ಳು ಯಾಕೆ ಹೇಳಲಿ. ಪರದೆಯ ಮೇಲೆ ನನ್ನ ಹಾಡು ತೆರೆದಿತ್ತು, ಮೂರು ಓಣಿಗಳ ತುಂಬ ಅವ್ವನ ಹೂಂ. ಎಲ್ಲವನ್ನೂ ಇಟ್ಟವಳು ನಾನು, ಇಲ್ಲಿ ಅನ್ನು, ಇಲ್ಲಿ ಎಳೆ, ಇಲ್ಲಿ ಸಾಕು ಎಂದು. ಅದರಾಗೂ ನಾನ ಅನ್ನಾಕತ್ತೀನಲ್ಲ ಎಂದು ಅವ್ವ ಅಂದದ್ದು ಹೊಗಳಿಕೆಯಲ್ಲ ಎಂದು ಆಗ ಹೊಳೆಯಿತು. ಮಾವನ ಬೆರಳಿಗೂ ನನ್ನ ಬೆರಳಿಗೂ ಉದ್ದದಲ್ಲಷ್ಟೇ ಫರಕು.

ಅವ್ವ ಹಿಂದೆ ಬಂದು ನಿಂತಿದ್ದಳು. “ಕೊಡು ನಂದು” ಅಂದಳು.

“ಕೊಟ್ಟರ ನೀ ಮಾವಗ ಹೂಂ ಅಂತೀ. ನಿನ್ನ ಬಾಯಿ ನಿನಗ ಗೊತ್ತಿಲ್ಲೇನು?”

“ಅಂದ್ರ ಅಂತೀನಿ. ನಂದಲ್ಲೇನು ಅದು?”

ಅವಳನ್ನು ಸ್ಪೀಕರಿನ ಹತ್ತಿರ ಕೂರಿಸಿ ಹೂಂ ಅನ್ನು ಒಮ್ಮೆ ನುಡಿಸಿ ಅಳಿಸಿದೆ. ಟ್ರ್ಯಾಕರಿನಲ್ಲಿ ಸದ್ದು ಅಳಿಸಿದರೂ ಬರೆದದ್ದು ಹಾಗೇ ಇರುತ್ತದೆ. ಸಾಲುಗಳಲ್ಲಿ ಸ್ವರಗಳೆಲ್ಲ ನಿಂತಿದ್ದವು, ಗೆರೆ ಅವುಗಳ ಮೇಲೆ ಹಾಯ್ದು ಹೋಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಚರಿಗೆಯೊಂದೇ ಅಲ್ಲೊಮ್ಮೆ ಇಲ್ಲೊಮ್ಮೆ ಟಿಣ್ ಅನ್ನುತ್ತಿತ್ತು. ನೋಡಲಾರದೆ ಮುಚ್ಚಿದೆ. ಬಂತೇನು ಎಂದು ಅವ್ವನನ್ನು ಕೇಳಿದರೆ ಅವಳು ಗಂಟಲು ಮುಟ್ಟಿಕೊಂಡು ನೋಡಿ, ಏನೂ ಹೇಳದೆ ಒಳಗೆ ಹೋದಳು. ಸೋಮವಾರದವರೆಗೆ ಅವಳ ಬಾಯಿಂದ ಒಂದು ಹೂಂ ಕೂಡ ಬೀಳಲಿಲ್ಲ. ಅದು ಮರಳಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ, ಯಾವುದಾಗಿದ್ದರೆ ಒಳ್ಳೆಯದು ಎಂಬುದೂ ತಿಳಿಯಲಿಲ್ಲ.

ಚಾವಡಿ ತುಂಬಿತ್ತು. ಕಲ್ಮೇಶ ಕಂಬಕ್ಕೆ ಒರಗಿ ನಿಂತಿದ್ದ, ಹೊಸ ಅಂಗಿ ತೊಡಿಸಿದ್ದರು. ಹೂಂ ಇದೆಯೋ ಇಲ್ಲವೋ ಮೊದಲು ಪರೀಕ್ಷೆಯಾಗಬೇಕಲ್ಲ, ಸಿದ್ರಾಮಜ್ಜ ಅವ್ವನನ್ನು ಕರೆದು, ಈ ಊರಿನ ಮಗಳು ಹೌದಲ್ಲವೇ ನೀನು ಎಂದು ಕೇಳಿದ. “ಹೂಂ” ಅಂದಳು ಅವ್ವ. ಇಷ್ಟು ದಿನ ನಾನು ಎಳೆದು, ಹಿಗ್ಗಿಸಿ, ಕುಗ್ಗಿಸಿ ಕೇಳಿದ್ದ ಅದೇ ಹೂಂ, ಆದರೆ ನನ್ನ ಯಾವ ಸಾಲಿನಲ್ಲೂ ಅದು ಹಾಗೆ ಕೇಳಿರಲಿಲ್ಲ. ಎಷ್ಟು ಸಲೀಸಾಗಿ ಬಂತೆಂದರೆ ಮುಂದಿನದೂ ಹೀಗೇ ಬಂದುಬಿಡುತ್ತದೆ ಎನ್ನಿಸಿತು.

ಮಾವ ಎದುರಿಗೆ ಬಂದು ಕೂತ. ಅವನಿಗೆ ಒಂದು ಕಲೆ ಗೊತ್ತಿತ್ತು. ದೊಡ್ಡ ಹೂಂ ಬೇಕಾದರೆ ಮೊದಲು ಸಣ್ಣಪುಟ್ಟ ಹೂಂ ಹೊರಡಿಸಬೇಕು, ಇಳಿಜಾರಿಗೆ ಬಿದ್ದ ಗಾಲಿ ಆಮೇಲೆ ತಾನೇ ಉರುಳುತ್ತದೆ. ಟೈರಿನ ಅಂಗಡಿಯವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಗುತ್ತ ಶುರು ಮಾಡಿದ.

“ತಂಗೀ, ಆರಾಮ ಅದೀ ಅಲ್ಲ?”

ಅವ್ವ ಯೋಚನೆ ಮಾಡಿದಳು. ಆ ಪ್ರಶ್ನೆಗೆ ಯಾರೂ ಯೋಚನೆ ಮಾಡುವುದಿಲ್ಲ. “ಉಹೂಂ” ಅಂದಳು.

ಮಾವ ಗಾಬರಿಯಾಗಿ ಯಾಕೆ ಎಂದು ಕೇಳಿದ. ಮೊಣಕಾಲು ನೋಯುತ್ತವೆ, ನಿಮ್ಮ ಮನೆಯಲ್ಲಿ ನೆಲದ ಮೇಲೆ ಕೂತು ಹಪ್ಪಳ ಲಟ್ಟಿಸಿದಾಗಿನಿಂದ ಎಂದು ಅವ್ವ ಹೇಳಿದಳು. ಯಾವಾಗಿನ ಹಪ್ಪಳ ಎಂದು ಮಾವ ಕೇಳಹೋಗಿ ಸುಮ್ಮನಾದ. ಯಾವಾಗಿನದಾದರೂ ಆಗಿರಬಹುದಿತ್ತು. ಆದರೂ ಗಾಲಿಯನ್ನು ಮತ್ತೊಮ್ಮೆ ನೂಕಿದ.

“ಹೋಗ್ಲಿ. ನಮ್ಮನೀಗೆ ಬರೂದಂದ್ರ ನಿನಗ ತವರಮನೀಗೆ ಬಂದಂಗ, ಹೌದಲ್ಲ?”

“ಉಹೂಂ. ಕೆಲಸಕ್ಕ ಬಂದಂಗ.”

ಮಾವ ಟವೆಲಿನಿಂದ ಮುಖ ಒರೆಸಿಕೊಂಡ, ಒರೆಸಿದ ಮೇಲೂ ಅದನ್ನು ಮುಖದ ಮೇಲೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದ. ಮಾವ ಕೆಟ್ಟವನಲ್ಲ. ಕೇಳಿದ ಕೂಡಲೇ ಹೂಂ ಸಿಗುತ್ತಿದ್ದರೆ ಯಾರಿಗೂ ಕಷ್ಟಸುಖ ವಿಚಾರಿಸುವ ಅಭ್ಯಾಸ ಬೆಳೆಯುವುದಿಲ್ಲ. ನನಗೆ ಅವನನ್ನು ಕಂಡು ಮರುಕವಾಯಿತು. ಅಷ್ಟರಲ್ಲಿ ಸಿದ್ರಾಮಜ್ಜ, ಯಾವುದಕ್ಕೆ ಕೂಡಿದ್ದೇವೋ ಅದನ್ನು ಕೇಳು ಎಂದು ತಿವಿದ. ಮಾವ ದನಿ ತಗ್ಗಿಸಿ, ದಾನಿಯನ್ನು ನಮ್ಮ ಕಲ್ಮೇಶನಿಗೆ ಕೊಡುತ್ತೀಯಾ ಎಂದು ಕೇಳಿದ. ದಾನೇಶ್ವರಿ ಎಂಬುದು ನನ್ನ ಹೆಸರು.

ಅವ್ವ ನನ್ನ ಕಡೆ ನೋಡಲಿಲ್ಲ. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಉಹೂಂ ಅನ್ನು, ಉಹೂಂ ಅನ್ನು ಎಂದು ಒಳಗೊಳಗೇ ಕೀಲಿ ಒತ್ತುತ್ತಿದ್ದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಕೂಡ ಅನ್ನಲಿಲ್ಲ.

“ಇದು ನನ್ನ ಹೂಂ ಅಲ್ಲ, ಅಣ್ಣಾ. ಅವರಿಬ್ಬರದು. ಅವರನ್ನ ಕೇಳ್ರಿ.”

ಹಾಗೆ ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಕೇಳಬಾರದು ಎಂಬ ಪದ್ಧತಿಯೂ ಇರಲಿಲ್ಲ. ಹಿರಿಯರು ತಲೆ ಕೂಡಿಸಿ ಮಾತಾಡಿಕೊಂಡರು. ಕೊನೆಗೆ ಸಿದ್ರಾಮಜ್ಜ, ಗಂಡಿನ ಕಡೆಯದು ಮೊದಲಾಗಲಿ ಎಂದು ಕಲ್ಮೇಶನ ಕಡೆ ತಿರುಗಿದ. ಕಲ್ಮೇಶ ಸುತ್ತ ನೋಡಿದ. ತನ್ನನ್ನೇ ಕೇಳುತ್ತಿದ್ದಾರೆ ಎಂದು ಖಾತ್ರಿಯಾದ ಕೂಡಲೇ, “ಉಹೂಂ” ಅಂದುಬಿಟ್ಟ. ಎಷ್ಟು ಬೇಗ ಅಂದನೆಂದರೆ ನನಗೆ ಅವಮಾನವಾಯಿತು. ಮರ್ಯಾದೆಗಾದರೂ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ತಡೆಯಬಹುದಿತ್ತು.

ಆಮೇಲೆ ನನ್ನ ಸರದಿ. ಹಿರಿಯರೆಲ್ಲ ನನ್ನ ಬಾಯಿಯನ್ನು ನೋಡಿದರು. ಇದಕ್ಕೆ ಮುಂಚೆ ಯಾರೂ ಹಾಗೆ ನೋಡಿರಲಿಲ್ಲ. ಉತ್ತರ ಗೊತ್ತಿದ್ದೂ, ನನ್ನದೂ ಎಲ್ಲಾದರೂ ಹೋಗಿಬಿಟ್ಟಿದ್ದರೆ ಎಂದು ಹೆದರಿಕೆಯಾಯಿತು. ಉಹೂಂ ಅಂದೆ. ಅಂದ ಮೇಲೆ ಕಣ್ಣು ತುಂಬಿ ಬಂತು, ಯಾಕೆಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ. ಸಿದ್ರಾಮಜ್ಜ ಇನ್ನೇನೂ ಕೇಳುವುದು ಉಳಿದಿಲ್ಲ ಎಂದು ಎದ್ದ. ಮಾವ ಹೋಗುವಾಗ ಅವ್ವನ ಹತ್ತಿರ ನಿಂತು, ಮೊಣಕಾಲಿಗೆ ಹಚ್ಚುವ ಎಣ್ಣೆ ತನ್ನ ಮನೆಯಲ್ಲಿದೆ, ಕಳಿಸಲೇ ಎಂದು ಕೇಳಿದ. ಅವ್ವ ಹೂಂ ಅಂದಳು.

ಮರುದಿನ ಅಂಗಡಿಗೆ ರಜೆ. ಬೆಳಿಗ್ಗೆ ಅವ್ವ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಬಾಗಿಲಿನ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ನಾನು ಕಂಪ್ಯೂಟರು ತೆರೆದೆ. ಈಗ ಎಲ್ಲ ಸುಖಾಂತವಾಗಿತ್ತು, ಹಾಡು ಮಾತ್ರ ಬಿದ್ದುಹೋಗಿತ್ತು. ಮೈಕು ಹಿಡಿದುಕೊಂಡು ಅವಳ ಹತ್ತಿರ ಹೋದೆ. ಈ ಸಲ ಕದ್ದು ಅಲ್ಲ, ಮರೆತು ಅಲ್ಲ, ಕ್ರಮವಾಗಿ ಕೇಳಿದೆ: “ಯವ್ವಾ, ನಿನ್ನ ಹೂಂ ಮತ್ತೊಮ್ಮೆ ಕೊಡ್ತೀಯೇನು? ಹಾಡಿಗಷ್ಟ. ಸಂಜೀಕ ತಿರುಗಿ ಕೊಡ್ತೀನಿ.”

“ಉಹೂಂ” ಅಂದಳು ಅವ್ವ.

ನನಗೆ ಇಲ್ಲವೆನ್ನುವುದಿಲ್ಲ ಎಂದು ನಾನು ತಿಳಿದಿದ್ದೆ. ಮಾವನಿಗೆ ಅಂದರೆ ಸರಿ, ದೈವದವರಿಗೆ ಅಂದರೆ ಸರಿ, ನಾನು ಮಗಳು. ಬಹಳ ನೋವಾಯಿತು. ಮೈಕನ್ನು ಸುತ್ತಿ ಗೂಡಿನಲ್ಲಿಟ್ಟು, ಅವಳ ಮೇಲಿನ ಸಿಟ್ಟಿಗೆ ಆ ಖಾಲಿ ಹಾಡನ್ನೇ ಹಚ್ಚಿದೆ, ಏನು ಕೆಡಿಸಿದ್ದೀಯ ನೋಡು ಎಂಬಂತೆ. ಗೆರೆ ಇಳಿಯತೊಡಗಿತು. ಚರಿಗೆ ಟಿಣ್ ಅಂದಿತು. ಆಮೇಲೆ ಏನೂ ಇಲ್ಲ. ನಾನು ಬರೆದಿಟ್ಟ ಹೂಂಗಳ ಮೇಲೆ ಗೆರೆ ಒಂದೊಂದಾಗಿ ಹಾಯ್ದು ಹೋಯಿತು, ಮಾಬೂಬಿಯ ಮಷೀನು ಗೋಡೆಯಾಚೆ ತನ್ನಷ್ಟಕ್ಕೆ ನಡೆದಿತ್ತು. ಮತ್ತೆ ಚರಿಗೆ.

“ಹೂಂ” ಅಂದಳು ಅವ್ವ, ಬಾಗಿಲಿನಿಂದ.

ನಾನು ಪರದೆಗೆ ಬಾಗಿ ನೋಡಿದೆ. ಆ ಸಾಲಿನಲ್ಲಿ ನಾನು ಏನೂ ಬರೆದಿರಲಿಲ್ಲ. ನಾಲ್ಕೂ ಓಣಿಗಳು ಅಲ್ಲಿ ಖಾಲಿ. ನೂರು ಸಲ ತಿದ್ದಿದರೂ ಅಲ್ಲೊಂದು ಹೂಂ ಇಡಬೇಕೆಂದು ನನಗೆ ಹೊಳೆಯುತ್ತಿರಲಿಲ್ಲ, ಇಟ್ಟ ಮೇಲೆ ಅದು ಬಿಟ್ಟು ಬೇರೆ ಜಾಗವೇ ಇಲ್ಲ ಎನ್ನಿಸುವಂತಿತ್ತು. ತಿರುಗಿ ನೋಡಿದೆ. ಅವ್ವ ಬೀದಿಯ ಕಡೆ ನೋಡುತ್ತ ಕೂತಿದ್ದಳು, ನನಗಾಗಿ ಅಂದಂತೇನೂ ಕಾಣಲಿಲ್ಲ. ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಅದೇ ಸಾಲು ಬಂತು. ಅವ್ವ ಸುಮ್ಮನಿದ್ದಳು. ನಾನು ನನ್ನ ಹಳೆಯ ಹೂಂಗಳನ್ನೆಲ್ಲ ಸಾಲುಗಳಿಂದ ಅಳಿಸಿ ಜಾಗ ತೆರವು ಮಾಡಿದೆ. ಹಾಡನ್ನು ಮತ್ತೆ ನಡೆಯಲು ಬಿಟ್ಟು, ಇನ್ನೊಮ್ಮೆ ಅನ್ನುತ್ತಾಳೋ ಇಲ್ಲವೋ ಎಂದು ಕಾಯುತ್ತ ಕೂತೆ.